ಕಲ್ಕುಡನ ಉಳಿಯೂ ಶರಣರ ಅಂಕಿತವೂ

ಸೃಷ್ಟಿಸುವ ಶಕ್ತಿಯು ಮನುಷ್ಯನಿಗೆ ದೊರೆತ ವರಗಳಲ್ಲಿ ಹಿರಿದಾದುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮಣ್ಣಿನ ಮುದ್ದೆಯನ್ನು ಕೊಡವಾಗಿಸುವ ಕುಂಬಾರನಲ್ಲಿಯೂ, ನೂಲಿನ ಎಳೆಗಳಿಂದ ಸೆರಗಿನ ಚಿತ್ತಾರವನ್ನು ಎಬ್ಬಿಸುವ ನೇಕಾರನಲ್ಲಿಯೂ, ಶ್ರಾವಣಮಾಸದ ಪುರಾಣದಲ್ಲಿ ಒಂದೇ ಮಾತಿನಿಂದ ಸಭೆಯನ್ನು ಮೌನಗೊಳಿಸುವ ಪ್ರವಚನಕಾರರಲ್ಲಿಯೂ ಕೆಲಸ ಮಾಡುವುದು ಈ ಒಂದೇ ಶಕ್ತಿಯು. ಆದರೆ ಅದರ ಬೆನ್ನ ಹಿಂದೆಯೇ ಇನ್ನೊಂದು ನಿಂತಿರುತ್ತದೆ. ಇಂಪಾಗಿ ಹಾಡುವವನು ಇನ್ನೊಬ್ಬನ ಇಂಪನ್ನು ಕೇಳಿ ಒಳಗೊಳಗೇ ಕಳವಳಗೊಳ್ಳುತ್ತಾನೆ. ಹತ್ತು ಜನರ ಕಣ್ಣಿಗೆ ಹಬ್ಬವಾಗುವಂತೆ ಚಿತ್ರ ಬರೆಯುವವನು ಮನೆಯಲ್ಲಿ ಹೆಂಡಿರು ಮಕ್ಕಳೊಡನೆ ಮುಖ ಕೊಟ್ಟು ಮಾತನಾಡುವುದಿಲ್ಲ. ಚೆಲುವನ್ನು ಹೊರತರುವ ಕೈಗೆ ಇಂತಹ ಮನಸ್ಸು ಜೊತೆಯಾಗುವುದಾದರೂ ಹೇಗೆ? ಕಲೆಯು ಮೊದಲು ಕಲಾವಿದನನ್ನು ತಿದ್ದಬೇಕಾಗಿತ್ತಲ್ಲವೇ? ನಾಲ್ಕು ನೀತಿಯ ಮಾತುಗಳಿಂದ ಮುಚ್ಚಿಹಾಕಬಹುದಾದ ಪ್ರಶ್ನೆಯು ಇದಲ್ಲ. ತುಳುನಾಡಿನ ಜನರು ಇದನ್ನು ಒಂದು ಕಥೆಯಾಗಿ ಕಟ್ಟಿ ಹಾಡುತ್ತ ಬಂದಿದ್ದಾರೆ; ಅಲ್ಲಿಂದಲೇ ನಾವು ಆರಂಭಿಸುವುದು ಯೋಗ್ಯವಾಗಿದೆ.

ಉಡುಪಿಯಿಂದ ವಾಯವ್ಯಕ್ಕೆ, ಕೆಮ್ಮಣ್ಣಿನ ಆಚೆ, ಕಡಲಿಗೂ ಹೊಳೆಗೂ ನಡುವೆ ಹೂಡೆಯೆಂಬ ಊರು ಇದೆ. ಅದರ ಬಡಗಣಕ್ಕೆ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸುವರ್ಣಾ ನದಿಯೂ ಸೀತಾ ನದಿಯೂ ಸಮುದ್ರವನ್ನು ಸೇರುತ್ತವೆ. ಸುವರ್ಣೆಯು ಬರುವುದು ಪಶ್ಚಿಮ ಘಟ್ಟದಿಂದ, ಕಾರ್ಕಳದ ಸೀಮೆಯನ್ನು ಹಾಯ್ದು. ಹೂಡೆಯ ಕರೆಯಲ್ಲಿ ಕಾಲಿಗೆ ತಾಗುವ ಮರಳಿನಲ್ಲಿ ಆ ಸೀಮೆಯ ಕಲ್ಲಿನ ಕಣಗಳೂ ಬೆರೆತಿರದೆ ಹೋಗವು. ಕಲ್ಲೆಲ್ಲವೂ ಹೀಗೆ ಮರಳಾಗಿ ಕಡಲನ್ನು ಸೇರುವುದಾದರೆ, ಆ ಕಲ್ಲನ್ನು ಕಡೆದವನ ಹೆಸರು ಎಷ್ಟು ಕಾಲ ಉಳಿದೀತು ಎಂಬ ವಿಚಾರವು ಅಲ್ಲಿ ಸಹಜವಾಗಿಯೇ ಮೂಡುತ್ತದೆ.

ಆ ಹೊಳೆಯ ಮೇಲ್ಭಾಗದ ಕಾರ್ಕಳದಲ್ಲಿ, ಬೋಳು ಬಂಡೆಯ ಗುಡ್ಡದ ಮೇಲೆ, ಸುಮಾರು 42 ಅಡಿ ಎತ್ತರದ ಗೊಮ್ಮಟನು ನಿಂತಿದ್ದಾನೆ. 1432ರಲ್ಲಿ ಭೈರರಸ ವಂಶದ ವೀರಪಾಂಡ್ಯನು ಅದನ್ನು ಪ್ರತಿಷ್ಠಾಪಿಸಿದನು. ಅಲ್ಲಿಯ ಶಾಸನವು ಅರಸನನ್ನು ಹೆಸರಿಸುತ್ತದೆ, ಅವನ ತಂದೆಯನ್ನು ಹೆಸರಿಸುತ್ತದೆ, ಗುರು ಲಲಿತಕೀರ್ತಿಯನ್ನು ಹೆಸರಿಸುತ್ತದೆ. ಬಂಡೆಯ ಮುಂದೆ ವರುಷಗಟ್ಟಲೆ ಬಿಸಿಲಲ್ಲಿ ನಿಂತು ಉಳಿ ಹಿಡಿದವನ ಹೆಸರು ಅಲ್ಲಿಲ್ಲ. ಶಾಸನವು ಬಿಟ್ಟ ಆ ಸ್ಥಳವನ್ನು ತುಂಬಿಕೊಟ್ಟವರು ಹೊಲದಲ್ಲಿ ನೇಜಿ ನೆಡುತ್ತ ಪಾಡ್ದನ ಹಾಡುವ ಹೆಂಗಸರು ಮತ್ತು ದೈವದ ಮುಂದೆ ತೆಂಬರೆ ಬಾರಿಸುತ್ತ ಹಾಡುವವರು. ಅವರು ಹೇಳುವ ಹೆಸರು ಕಲ್ಕುಡ.

ಪಾಡ್ದನಕ್ಕೆ ಪಾಠಗಳು ಹಲವಾದರೂ ಕಥೆಯ ಎಲುಬು ಒಂದೇ. ಶಂಭು ಕಲ್ಕುಡನೆಂಬ ಶಿಲ್ಪಿಯು ಬಸುರಿಯಾದ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಬೆಳಗೊಳದ ಅರಸನ ಕರೆಗೆ ಓಗೊಟ್ಟು ಹೋಗುತ್ತಾನೆ. ಕೆಲಸದಲ್ಲಿ ಮುಳುಗಿದವನಿಗೆ ಮನೆಯ ನೆನಪು ಬರುವುದಿಲ್ಲ. ಇತ್ತ ಮಕ್ಕಳು ಹುಟ್ಟುತ್ತಾರೆ. ಮಗನು ಬೆಳೆಯುತ್ತಾನೆ, ಆಟದ ಗೆಳೆಯರು ಅವನನ್ನು ತಂದೆಯಿಲ್ಲದವನೆಂದು ಹಂಗಿಸುತ್ತಾರೆ. ತಂದೆಯನ್ನು ಹುಡುಕುತ್ತ ಹೊರಟ ಬೀರ ಕಲ್ಕುಡನು ಬೆಳಗೊಳವನ್ನು ಮುಟ್ಟುತ್ತಾನೆ. ತಂದೆಮಕ್ಕಳು ಪರಸ್ಪರ ಗುರುತಿಸಿಕೊಳ್ಳುತ್ತಾರೆ. ತಂದೆಯು ತಾನು ಕಡೆದುದನ್ನೆಲ್ಲ ತೋರಿಸುತ್ತಾನೆ. ತನ್ನ ಕೆಲಸದಲ್ಲಿ ಈವರೆಗೆ ಯಾರೂ ಕುಂದನ್ನು ಕಂಡವರಿಲ್ಲ ಎಂದು ಹೇಳಿಕೊಳ್ಳುತ್ತಾನೆ. ಮಗನ ಕಣ್ಣಿಗೆ ಒಂದು ಕುಂದು ಕಾಣುತ್ತದೆ. ಅವನು ಅದನ್ನು ಹೇಳಿಬಿಡುತ್ತಾನೆ. ತಂದೆಯು ಆ ಮಾತನ್ನು ತಾಳಲಾರದೆ ತನ್ನ ಕೈಯಾರೆ ಪ್ರಾಣವನ್ನು ನೀಗುತ್ತಾನೆ.

ಕಥೆಯು ಅಲ್ಲಿಗೆ ನಿಲ್ಲುವುದಿಲ್ಲ. ಮಗನು ತಂದೆಗಿಂತಲೂ ದೊಡ್ಡ ಶಿಲ್ಪಿಯಾಗುತ್ತಾನೆ. ಕಾರ್ಕಳದ ಭೈರವರಸನು ಅವನನ್ನು ಕರೆಸಿ ಗೊಮ್ಮಟನನ್ನು ಕಡೆಯಿಸುತ್ತಾನೆ. ಕೆಲಸ ಮುಗಿದು ಸಂಭಾವನೆಯನ್ನು ಕೊಡುವ ಹೊತ್ತಿಗೆ ಅರಸನ ಮನಸ್ಸು ಕೆಡುತ್ತದೆ. ಇಂತಹ ಕೆಲಸವನ್ನು ಇವನು ಬೇರೊಂದು ಸೀಮೆಯಲ್ಲಿ ಮಾಡಕೂಡದೆಂದು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಬೀರ ಕಲ್ಕುಡನು ಒಂದು ಕೈ ಒಂದು ಕಾಲಿನಿಂದಲೇ ವೇಣೂರಿಗೆ ಹೋಗಿ ಅಲ್ಲಿಯ ಅಜಿಲ ಅರಸನಿಗೆ ಇನ್ನೊಬ್ಬ ಗೊಮ್ಮಟನನ್ನು ಕಡೆದುಕೊಡುತ್ತಾನೆ. ಅಣ್ಣನನ್ನು ಅರಸುತ್ತ ಬಂದ ತಂಗಿ ಕಲ್ಲುರ್ಟಿಯು ಅವನ ಸ್ಥಿತಿಯನ್ನು ಕಂಡು ಉರಿದೇಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ; ಕಾರ್ಕಳದ ಅರಮನೆಗೆ ನೆಮ್ಮದಿಯಿಲ್ಲದಂತೆ ಮಾಡುತ್ತಾರೆ. ಇಂಗ್ಲಿಷ್ ಅಧಿಕಾರಿಯಾಗಿದ್ದ ಬರ್ನೆಲ್ ಮಹಾಶಯನು ಸಂಗ್ರಹಿಸಿದ ತುಳು ಪಾಡ್ದನಗಳಲ್ಲಿ ಇದೂ ಸೇರಿದ್ದು, ಅವನ ಮರಣಾನಂತರ, 1890ರ ದಶಕದಲ್ಲಿ, ಅಚ್ಚಾಯಿತು. ಕಲ್ಕುಡ ಕಲ್ಲುರ್ಟಿಯರಿಗೆ ತುಳುನಾಡಿನಲ್ಲಿ ಇಂದಿಗೂ ಕೋಲ ನೇಮಗಳು ನಡೆಯುತ್ತವೆ.

ಇದು ಇತಿಹಾಸವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಬೆಳಗೊಳದ ಗೊಮ್ಮಟನು ಹತ್ತನೆಯ ಶತಮಾನದ ಕೊನೆಗೆ ಸೇರಿದವನು; ಕಾರ್ಕಳದವನು 1432ರವನು; ವೇಣೂರಿನ 35 ಅಡಿಯ ಗೊಮ್ಮಟನನ್ನು ತಿಮ್ಮಣ್ಣಾಜಿಲನು ನಿಲ್ಲಿಸಿದ್ದು 1604ರಲ್ಲಿ. ತಂದೆಯೂ ಮಗನೂ ಸೇರಿ ಆರುನೂರು ವರ್ಷ ಬಾಳಿದರೆಂದು ಯಾರೂ ಹೇಳಲಾರರು. ವೀರಪಾಂಡ್ಯನು ಶಿಲ್ಪಿಯ ಕೈ ಕಡಿಸಿದನೆಂಬುದಕ್ಕೂ ಪಾಡ್ದನದ ಹೊರಗೆ ಆಧಾರವಿಲ್ಲ. ಆ ಅರಸನ ಮೇಲೆ ನಾವು ಅಪರಾಧವನ್ನು ಹೊರಿಸಬಾರದು. ಆದರೆ ಒಂದು ಮಾತನ್ನು ವಿಚಾರ ಮಾಡಬೇಕು. ಮೂರು ಸ್ಥಳಗಳ ಮೂರು ಕಾಲಗಳ ಪ್ರತಿಮೆಗಳನ್ನು ಜನರು ಒಂದೇ ಕುಟುಂಬದ ಕೈಗೆ ಏಕೆ ಒಪ್ಪಿಸಿದರು? ಶಿಲ್ಪಿಯೆಂಬವನು ಅವರ ಕಣ್ಣಿಗೆ ಎಲ್ಲ ಕಾಲಕ್ಕೂ ಒಬ್ಬನೇ ಆಗಿದ್ದನು. ಅವನಿಗೆ ಒದಗುವ ಗಂಡಾಂತರವೂ ಎಲ್ಲ ಕಾಲಕ್ಕೂ ಒಂದೇ ಆಗಿತ್ತು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಯುಂಗ್ ಎಂಬವರು (1875–1961) ಇಂತಹ ರೂಪಗಳನ್ನು ಆದಿಬಿಂಬಗಳೆಂದು ಗುರುತಿಸಿದರು. ತಾಯಿ, ವೃದ್ಧ ಜ್ಞಾನಿ, ಶಿಶು ಮೊದಲಾದ ಬಿಂಬಗಳು ದೇಶ ಕಾಲಗಳನ್ನು ಮೀರಿ ಕಥೆಗಳಲ್ಲಿಯೂ ಕನಸುಗಳಲ್ಲಿಯೂ ಮರಳಿ ಮರಳಿ ಬರುತ್ತವೆಯೆಂಬುದು ಅವರ ಮತ. ಮನುಷ್ಯನು ತನ್ನದೆಂದು ಒಪ್ಪಿಕೊಳ್ಳಲು ಇಷ್ಟಪಡದೆ ಹಿಂದಕ್ಕೆ ತಳ್ಳಿದ ಗುಣಗಳ ಮೊತ್ತವನ್ನು ಅವರು ನೆರಳು ಎಂದು ಕರೆದರು. ಬೆಳಕಿನ ಕಡೆಗೆ ಮುಖ ಮಾಡಿ ನಿಂತವನಿಗೆ ತನ್ನ ನೆರಳು ಕಾಣುವುದಿಲ್ಲ; ಹಿಂದೆ ಕುಳಿತವರಿಗೆ ಮಾತ್ರ ಅದು ಚೆನ್ನಾಗಿ ಕಾಣುತ್ತದೆ. ಕಲಾವಿದನ ವಿಷಯದಲ್ಲಿ ಹಿಂದೆ ಕುಳಿತವರೆಂದರೆ ಹೆಚ್ಚಾಗಿ ಅವನ ಮನೆಯವರೇ.

ಪಾಡ್ದನದಲ್ಲಿ ಇರುವುದು ಎರಡು ಗಾಯಗಳು. ಅರಸನು ಮಾಡಿದ ಗಾಯವನ್ನು ಕೇಳಿದವರೆಲ್ಲರೂ ನೆನಪಿಡುತ್ತಾರೆ, ಮರುಗುತ್ತಾರೆ. ತಂದೆಯು ತನಗೆ ತಾನೇ ಮಾಡಿಕೊಂಡ ಗಾಯವನ್ನು ಅಷ್ಟಾಗಿ ಎಣಿಸುವುದಿಲ್ಲ. ನನಗಾದರೋ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಭಯಂಕರವಾಗಿ ತೋರುತ್ತದೆ. ಅರಸನಿಗೆ ಬೇಕಾಗಿದ್ದುದು ಒಂದೇ: ಇಂತಹುದು ನನ್ನಲ್ಲಿ ಮಾತ್ರ ಇರಬೇಕು. ತಂದೆಗೆ ಬೇಕಾಗಿದ್ದುದೂ ಅದೇ: ಇಂತಹುದು ನನ್ನಿಂದ ಮಾತ್ರ ಆಗಬೇಕು. ಒಬ್ಬನು ಕಟ್ಟಿಸಿದವನು, ಇನ್ನೊಬ್ಬನು ಕಟ್ಟಿದವನು. ಇಬ್ಬರ ನೆರಳೂ ಒಂದೇ ಆಕಾರದ್ದು. ಅರಸನ ಕೈಯಲ್ಲಿ ಕತ್ತಿಯಿದ್ದುದರಿಂದ ಅದು ಹೊರಗಿನವನ ಕಡೆಗೆ ಬೀಸಿತು. ಶಿಲ್ಪಿಗೆ ಅಧಿಕಾರವಿರಲಿಲ್ಲವಾದುದರಿಂದ ತನ್ನ ಕಡೆಗೇ ತಿರುಗಿತು.

ಅದನ್ನು ಎಬ್ಬಿಸಿದವನಾದರೂ ಯಾರು? ವೈರಿಯಲ್ಲ, ಪರಸ್ಥಳದ ಶಿಲ್ಪಿಯಲ್ಲ. ತನ್ನ ರಕ್ತವನ್ನು ಹಂಚಿಕೊಂಡು, ತನ್ನ ಕಸುಬಿನ ಕಣ್ಣನ್ನೇ ಪಡೆದುಕೊಂಡು ಹುಟ್ಟಿದ ಮಗನು. ಆ ಕುಂದನ್ನು ಕಾಣುವ ಸಾಮರ್ಥ್ಯವು ಮಗನಿಗೆ ಬಂದುದು ತಂದೆಯಿಂದಲೇ ಅಲ್ಲವೇ? ತನ್ನ ವಿದ್ಯೆಯು ತನ್ನನ್ನು ಮೀರಿ ಮುಂದಿನ ಪೀಳಿಗೆಗೆ ದಾಟಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯು ಬೇಕಾಗಿರಲಿಲ್ಲ. ಹಿಗ್ಗಬೇಕಾದ ಗಳಿಗೆಯಲ್ಲಿ ಅವನು ಕುಗ್ಗಿದನು.

ಗೃಹಸ್ಥರಾದ ವಾಚಕರು ಇದನ್ನು ಶಿಲ್ಪಿಗಳ ಕಥೆಯೆಂದು ಪಕ್ಕಕ್ಕೆ ಇಡಬಾರದು. ಮೂವತ್ತು ವರುಷ ಭಜನೆಯ ಮೇಳವನ್ನು ನಡೆಯಿಸಿದ ಹಿರಿಯರೊಬ್ಬರಿಗೆ, ನಿನ್ನೆ ಮೊನ್ನೆ ಪೆಟ್ಟಿಗೆ ಕಲಿತ ಹುಡುಗನು ಶ್ರುತಿ ಇಳಿಯಿತೆಂದು ಹೇಳಿದನೆನ್ನಿರಿ. ಆ ರಾತ್ರಿ ಅವರಿಗೆ ನಿದ್ದೆ ಹತ್ತೀತೇ? ಹೋಳಿಗೆಯ ಹದದಲ್ಲಿ ಊರಿಗೇ ಹೆಸರಾದ ಅತ್ತೆಯು, ಸೊಸೆಯ ಹೋಳಿಗೆಯನ್ನು ಬೀಗರು ಹೊಗಳಿದಾಗ ಒಲೆಯ ಕಡೆಗೆ ಮುಖ ತಿರುಗಿಸುವುದನ್ನು ನಾವು ಕಂಡಿಲ್ಲವೇ? ಮಗಳು ಹಾಕಿದ ರಂಗೋಲಿಯನ್ನು ತಿದ್ದುವ ನೆಪದಲ್ಲಿ ಅಳಿಸಿಬಿಡುವ ಕೈಯು ಪ್ರೀತಿಯ ಕೈಯೇ ಆಗಿರುತ್ತದೆ. ಆದರೆ ಆ ಕ್ಷಣಕ್ಕೆ ಅದನ್ನು ಆಡಿಸುವುದು ಪ್ರೀತಿಯಲ್ಲ. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಮನೆಯೊಳಗೆ ಎಷ್ಟೋ ಮಕ್ಕಳ ಕೈಗಳು ಇಂತಹ ಸಣ್ಣ ಸಂಗತಿಗಳಿಂದಲೇ ಮೊಂಡಾಗುತ್ತವೆ.

ಇದಕ್ಕಿಂತಲೂ ಮೌನವಾದ ಇನ್ನೊಂದು ಬಗೆಯಿದೆ. ಕುಂದನ್ನು ಯಾರಾದರೂ ಕಂಡಾರೆಂಬ ಅಂಜಿಕೆಯಿಂದ ಏನನ್ನೂ ಮಾಡದೆಯೇ ಉಳಿದವರು ಇದ್ದಾರೆ. ಕವಿತೆಯ ವಹಿಯನ್ನು ಟ್ರಂಕಿನ ತಳದಲ್ಲಿ ಇಟ್ಟು ಮುಪ್ಪಾದವರು, ಕಂಠವಿದ್ದರೂ ಹತ್ತು ಜನರ ಮುಂದೆ ಹಾಡದವರು. ಇವರನ್ನು ಜನರು ವಿನಯಶೀಲರೆಂದು ಕರೆಯುವುದುಂಟು. ಆ ವಿನಯವನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಶಂಭು ಕಲ್ಕುಡನ ಮಾತೇ ಕೇಳಿಸುತ್ತದೆ: ನನ್ನ ಕೆಲಸದಲ್ಲಿ ಯಾರೂ ಕುಂದನ್ನು ಕಾಣಕೂಡದು. ಯಾವ ಅರಸನೂ ಬೇಕಾಗದೆ ತಮ್ಮ ಕೈಯನ್ನು ತಾವೇ ಕಡಿದುಕೊಂಡವರು ಇವರು. ಬಸವಣ್ಣನವರು ತಮಗೆ ತಾಳದ ಗಣಿತವಾಗಲಿ ಛಂದಸ್ಸಿನ ಲೆಕ್ಕವಾಗಲಿ ತಿಳಿಯದೆಂದು ಮೊದಲೇ ಒಪ್ಪಿ, ದೇವರಿಗೆ ಕೇಡಿಲ್ಲವಾದುದರಿಂದ ತಮ್ಮ ಒಲವಿಗೆ ಬಂದಂತೆ ಹಾಡುವುದಾಗಿ ಹೇಳಿಕೊಂಡ ವಚನವು ಎಲ್ಲರಿಗೂ ಪರಿಚಿತವಾದುದು. ಅದನ್ನು ನಾವು ಸಾಮಾನ್ಯವಾಗಿ ಭಕ್ತಿಯ ದೈನ್ಯವೆಂದು ಓದುತ್ತೇವೆ. ಕಲೆಯ ದೃಷ್ಟಿಯಿಂದ ನೋಡಿದರೆ ಅದು ದೊಡ್ಡ ಧೈರ್ಯದ ಮಾತು. ಕುಂದನ್ನು ತಾನೇ ಮುಂದಾಗಿ ಹೇಳಿದವನ ಮುಂದೆ ಯಾವ ಮಗನು ಬಂದು ಏನನ್ನು ತೋರಿಸಿದರೂ ಅವನು ಬೀಳುವುದಿಲ್ಲ.

ಘಟ್ಟದ ಮೇಲೆ ಬೇಲೂರಿನಲ್ಲಿಯೂ ಇಂತಹುದೇ ಕಥೆಯನ್ನು ಜನರು ಜಕಣಾಚಾರಿಯ ಹೆಸರಿನಲ್ಲಿ ಹೇಳುತ್ತಾರೆ: ಮೂರ್ತಿಯ ಒಳಗೆ ಕಪ್ಪೆಯಿದೆಯೆಂದು ಡಂಕಣನು ತೋರಿಸಿದುದು, ತಂದೆಯು ತನ್ನ ಕೈಯನ್ನು ಕಡಿದುಕೊಂಡುದು, ಕೈದಾಳದಲ್ಲಿ ಅದು ಮರಳಿ ಬಂದುದು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಥೆಗಿಂತ ಬೇಲೂರಿನ ಕಲ್ಲುಗಳೇ ಹೇಳುವ ಸಂಗತಿಯು ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತವಾಗಿದೆ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಆ ದೇವಾಲಯದ ಶಿಲ್ಪಿಗಳು ಕಾರ್ಕಳದವನಂತೆ ಹೆಸರಿಲ್ಲದೆ ಹೋಗಲಿಲ್ಲ. ಮದನಿಕೆಯರ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಅವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರೂ ಇದ್ದಾರೆ. ಇಲ್ಲಿ ತಂದೆಮಕ್ಕಳು ಒಂದೇ ಗುಡಿಯಲ್ಲಿ ಉಳಿ ಹಿಡಿದು ಕೆಲಸ ಮಾಡಿದರು. ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. ಆದರೆ ಚಾವಣನು ಹೆಸರಿನೊಡನೆ ಧರಿಸಿದ ಬಿರುದನ್ನು ನೋಡಬೇಕು. ಬಿರುದು ಹೊತ್ತ ಇತರ ರೂವಾರಿಗಳು ಮನ್ಮಥರಾದರೆ ತಾನು ಅವರ ಪಾಲಿಗೆ ಮಹೇಶ್ವರನು ಎಂದು ಅದರ ಅರ್ಥ. ತನ್ನ ಜೊತೆಯ ಕಸುಬಿನವರನ್ನು ಮೂರನೆಯ ಕಣ್ಣಿನಿಂದ ಸುಟ್ಟುಬಿಡುವೆನೆಂಬ ಹಮ್ಮು! ಅಷ್ಟು ಸುಕುಮಾರವಾದ ಮದನಿಕೆಯ ಪಾದದಡಿಯಲ್ಲಿ ಅಷ್ಟು ಉರಿಯುವ ಮಾತು. ನೆರಳು ಎಂದರೆ ಏನೆಂದು ಯಾರಾದರೂ ಕೇಳಿದರೆ ಬೇಲೂರಿಗೆ ಕರೆದುಕೊಂಡು ಹೋಗಿ ಈ ಎರಡನ್ನೂ ಒಟ್ಟಿಗೆ ತೋರಿಸಬಹುದು.

ಅದೇ ಬಳ್ಳಿಗಾವೆಯೊಡನೆ ನಮ್ಮ ಪರಂಪರೆಯು ಇನ್ನೊಬ್ಬ ಕಲಾವಿದನನ್ನು ಜೋಡಿಸುತ್ತದೆ. ಅವನು ಮದ್ದಳೆಗಾರ; ಮುಂದೆ ಅಲ್ಲಮಪ್ರಭುವಾದನು. ಹರಿಹರನು ಹೇಳುವಂತೆ ಅವನು ಗುಡಿಯಲ್ಲಿ ಮದ್ದಳೆ ಬಾರಿಸುತ್ತ ನರ್ತಕಿ ಕಮಲತೆಗೆ ಮನಸೋತನು, ಅವಳ ಮರಣದಿಂದ ಮತಿಗೆಟ್ಟು ಅಲೆದನು. ಚಾಮರಸನು ಹೇಳುವುದು ಬೇರೆ: ಮಾಯೆಯೇ ಬನವಸೆಯ ಅರಸುಮಗಳಾಗಿ ಬಂದು ಅವನ ಮದ್ದಳೆಗೆ ಕುಣಿದಳು, ಅವನನ್ನು ಅಪ್ಪಿದರೆ ಅವಳ ತೋಳಿಗೆ ಏನೂ ಸಿಕ್ಕಲಿಲ್ಲ. (ಚಾಮರಸನು ಪ್ರೌಢದೇವರಾಯನ ಕಾಲದವನು, ಕಾರ್ಕಳದ ಗೊಮ್ಮಟನು ನಿಂತುದೂ ಅದೇ ಅರಸನ ಆಳಿಕೆಯಲ್ಲಿ.) ಹರಿಹರನ ಅಲ್ಲಮನಿಗೆ ನೆರಳು ಇದೆ, ಅವನು ಅದನ್ನು ಹಾಯ್ದು ಬರಬೇಕಾಗಿದೆ, ಚಾಮರಸನ ಅಲ್ಲಮನಿಗೆ ಅದು ಅಂಟುವುದೇ ಇಲ್ಲ. ಪಂಡಿತರು ಯಾವುದನ್ನು ಮೆಚ್ಚಿದರೂ ಮೆಚ್ಚಲಿ, ನಮ್ಮಂತಹ ಗೃಹಸ್ಥರಿಗೆ ಹರಿಹರನ ಅಲ್ಲಮನೇ ಹತ್ತಿರದವನು.

ಅಲ್ಲಮನು ತಾನು ಕಟ್ಟಿದ ಮಾತುಗಳ ಕೊನೆಗೆ ತನ್ನ ಹೆಸರನ್ನು ಇಡಲಿಲ್ಲ, ಗುಹೇಶ್ವರನ ಹೆಸರನ್ನು ಇಟ್ಟನು. ಬಸವಣ್ಣನವರು ಕೂಡಲಸಂಗಮದೇವನನ್ನು, ಅಕ್ಕನು ಚೆನ್ನಮಲ್ಲಿಕಾರ್ಜುನನನ್ನು, ಸಿದ್ಧರಾಮನು ಕಪಿಲಸಿದ್ಧಮಲ್ಲಿಕಾರ್ಜುನನನ್ನು ಇಟ್ಟರು. ಅಂಕಿತವನ್ನು ನಾವು ಕರ್ತೃವಿನ ಗುರುತೆಂದು ಬಳಸುತ್ತೇವೆ. ಸಂಶೋಧಕರಿಗೆ ಅದರಿಂದ ಪ್ರಯೋಜನವಾಗಿರುವುದು ನಿಜ. ಆದರೆ ಬರೆದವನು ಸಹಿ ಹಾಕುವ ಸ್ಥಳದಲ್ಲಿ ಇನ್ನೊಬ್ಬನನ್ನು ಕೂರಿಸುವುದೆಂದರೆ ಚಾವಣನು ಮಾಡಿದುದಕ್ಕೆ ನೇರ ವಿರುದ್ಧವಾದ ಕ್ರಿಯೆಯು. ಪ್ರತಿಯೊಂದು ವಚನದ ಕೊನೆಯಲ್ಲಿಯೂ ಕವಿಯು ಒಂದು ಸಾರಿ ತಾನು ಕಟ್ಟಿದುದರಿಂದ ಕೈ ತೆಗೆಯಬೇಕು. ಅದು ಒಮ್ಮೆ ಮಾಡಿ ಮುಗಿಸಿದ ತ್ಯಾಗವಲ್ಲ. ಮಾತು ಹುಟ್ಟಿದಾಗಲೆಲ್ಲ ಮತ್ತೆ ಮಾಡಬೇಕಾದ ಅಭ್ಯಾಸವು. ಹೊಗಳಿಕೆಯನ್ನು ಚಿನ್ನದಿಂದ ಮಾಡಿದ ಶೂಲವೆಂದು ಕಂಡ ಬಸವಣ್ಣನವರಿಗೆ ಈ ಅಭ್ಯಾಸದ ಅವಶ್ಯಕತೆಯು ಚೆನ್ನಾಗಿ ತಿಳಿದಿತ್ತು. ಶೂಲವು ಚಿನ್ನದ್ದಾದರೆ ಏರುವವನು ತಾನಾಗಿಯೇ ಏರುತ್ತಾನೆ.

ಹಾಗಾದರೆ ಹೆಸರನ್ನು ಹೇಳುವುದೇ ತಪ್ಪೇ? ಅಂಬಿಗರ ಚೌಡಯ್ಯನು ಈ ತೀರ್ಮಾನಕ್ಕೆ ಅಡ್ಡಬರುತ್ತಾನೆ. ಅವನ ಅಂಕಿತವು ಅವನದೇ ಹೆಸರು. ಅದನ್ನು ಅವನು ಪಿಸುಮಾತಿನಲ್ಲಿ ಹೇಳುವುದೂ ಇಲ್ಲ; ಎದೆ ತಟ್ಟಿ ಹೇಳುತ್ತಾನೆ. ಆದರೂ ಅವನ ವಚನಗಳಲ್ಲಿ ಚಾವಣನ ಬಿರುದಿನ ವಾಸನೆಯು ನಮಗೆ ಬರುವುದಿಲ್ಲ. ಕಾರಣವು ಆ ಹೆಸರಿನಲ್ಲಿಯೇ ಇದೆ. ಅದರ ಮೊದಲ ಭಾಗವು ದೋಣಿ. ಹುಟ್ಟು ಹಾಕಿ ಜನರನ್ನು ದಡ ಮುಟ್ಟಿಸುವವನು ಹೊಳೆಯನ್ನು ತನ್ನದೆನ್ನಲಾರನು. ದಾಟಿಹೋದವರು ಅವನಿಗೆ ಋಣಿಗಳಾಗಿ ಅಲ್ಲಿಯೇ ನಿಲ್ಲುವುದೂ ಇಲ್ಲ. ಹೆಸರು ಕಾಯಕದೊಡನೆ ಕಟ್ಟಿಕೊಂಡಿರುವವರೆಗೆ ಅದಕ್ಕೆ ವಿಷವೇರುವುದು ಕಷ್ಟ; ಕಾಯಕದಿಂದ ಕಳಚಿ ತಾನೇ ತಾನಾಗಿ ಮೆರೆಯತೊಡಗಿದಾಗ ತೊಂದರೆಯು ಆರಂಭವಾಗುತ್ತದೆ.

ಇಷ್ಟಾದರೂ ನೆರಳು ಸೋಲುವುದಿಲ್ಲ. ಅದು ನಿಸ್ವಾರ್ಥದ ಉಡುಪನ್ನೂ ತೊಟ್ಟು ಬರಬಲ್ಲದು. ಶೂನ್ಯಸಂಪಾದನೆಯಲ್ಲಿ ಸಿದ್ಧರಾಮನ ಪ್ರಸಂಗವನ್ನು ಓದಿದವರಿಗೆ ಇದು ನೆನಪಿರಬೇಕು. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆಯನ್ನು ತೋಡಿಸುತ್ತಿದ್ದನು, ಗುಡಿಗಳನ್ನು ಕಟ್ಟಿಸುತ್ತಿದ್ದನು. ಎಲ್ಲವೂ ಲೋಕದ ಹಿತಕ್ಕಾಗಿ, ತನಗಾಗಿ ಒಂದು ಹಿಡಿಯಷ್ಟೂ ಇಲ್ಲ. ಅಲ್ಲಿಗೆ ಅಲ್ಲಮನು ಬಂದು ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದನು. ಕೆಲಸಗಾರರು ಸಿಟ್ಟಾಗಿ ಕಲ್ಲು ಬೀರಿದರು. ಸಿದ್ಧರಾಮನು ತಾನೂ ಕೆರಳಿ ಬಂದನು. ಆ ಕೆರಳಿಕೆಯೇ ಅಲ್ಲಮನಿಗೆ ಬೇಕಾಗಿದ್ದ ಉತ್ತರವು. ಎಲ್ಲವನ್ನೂ ಮಲ್ಲಯ್ಯನಿಗೆ ಒಪ್ಪಿಸಿದವನಿಗೆ ಒಂದು ಮಾತು ಏಕೆ ತಾಗಬೇಕು? ತಾಗಿತೆಂದರೆ, ಒಪ್ಪಿಸದೆ ಉಳಿದದ್ದು ಏನೋ ಒಂದು ಇನ್ನೂ ಅಲ್ಲಿದೆ. ಇದರಿಂದ ಸಿದ್ಧರಾಮನು ಕಿರಿಯನಾಗಲಿಲ್ಲ. ಶಂಭು ಕಲ್ಕುಡನಿಗೂ ಅವನಿಗೂ ಇರುವ ಅಂತರವನ್ನು ನೋಡಿರಿ. ಇಬ್ಬರಿಗೂ ಕುಂದನ್ನು ತೋರಿಸಲಾಯಿತು. ಒಬ್ಬನು ತೋರಿಸಿದವನ ಎದುರಿನಿಂದ ಮರಣದೊಳಕ್ಕೆ ಓಡಿದನು. ಇನ್ನೊಬ್ಬನು ಕೋಪಗೊಂಡನು, ವಾದಿಸಿದನು, ಕೊನೆಗೆ ತೋರಿಸಿದವನ ಜೊತೆಯಲ್ಲಿಯೇ ಕಲ್ಯಾಣಕ್ಕೆ ನಡೆದನು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಆ ಕೆರೆಯಲ್ಲಿ ಈಗಲೂ ನೀರಿದೆ.

ಕರಾವಳಿಯ ಜನರು ಇದೇ ಸಮಸ್ಯೆಯನ್ನು ಬೇರೆ ರೀತಿಯಾಗಿ ಬಿಡಿಸಿಕೊಂಡರು. ಕಡಿಯಲ್ಪಟ್ಟ ಕೈಯ ಕೋಪವನ್ನು ಅವರು ಮರೆಯಲಿಲ್ಲ, ಹೂಳಲೂ ಇಲ್ಲ. ಅದಕ್ಕೆ ಗುಡಿ ಕೊಟ್ಟರು. ವರ್ಷಕ್ಕೊಮ್ಮೆ ಅದನ್ನು ಕರೆದು, ಅದರ ದೂರನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಬಡಿಸಿ ಕಳುಹಿಸುತ್ತಾರೆ. ಶರಣರು ಲಿಂಗವಲ್ಲದ ಅನ್ಯದೈವಗಳ ಆರಾಧನೆಯನ್ನು ಒಪ್ಪಿದವರಲ್ಲ, ಖಂಡಿಸಿದವರು. ಆ ಮಾತನ್ನು ಮರೆಸುವುದು ನನ್ನ ಉದ್ದೇಶವಲ್ಲ. ಆದರೆ ಅನ್ಯಾಯಕ್ಕೊಳಗಾದ ಕಲಾವಿದನ ದೂರನ್ನು ಒಂದು ಸೀಮೆಯ ಜನರೆಲ್ಲರೂ ಶತಮಾನಗಳವರೆಗೆ ಕುಳಿತು ಕೇಳುತ್ತ ಬಂದುದನ್ನು ಗೌರವಿಸದಿರಲು ನನ್ನಿಂದಾಗದು. ಒಳಗಿನ ಅಸೂಯೆಗೂ ಅವಮಾನಕ್ಕೂ ಮಾತನಾಡಲು ಒಂದು ಗೊತ್ತಾದ ಸ್ಥಳವು ದೊರೆತರೆ, ಅವು ಊಟದ ಮನೆಯಲ್ಲಿಯೂ ಪಡಸಾಲೆಯಲ್ಲಿಯೂ ವೇಷ ಮರೆಸಿಕೊಂಡು ಬರಬೇಕಾಗುವುದಿಲ್ಲ. ನಮ್ಮ ಹಿರಿಯರು ಅನುಭವಮಂಟಪವೆಂದು ಕರೆದುದು ಇಂತಹ ಒಂದು ಸ್ಥಳವೇ ಆಗಿರಬೇಕು. ಅಲ್ಲಿ ಒಬ್ಬರ ಕುಂದನ್ನು ಇನ್ನೊಬ್ಬರು ಎದುರಿಗೇ ಹೇಳಿದರು, ಹೇಳಿಸಿಕೊಂಡವರು ಎದ್ದು ಹೋಗಲಿಲ್ಲ.

ಉಡುಪಿಯ ಸುತ್ತಿನ ಯಕ್ಷಗಾನದ ಮೇಳಗಳನ್ನೂ ಇಲ್ಲಿ ನೆನೆಯಬೇಕು. ಮಂದಾರ್ತಿ, ಪೆರ್ಡೂರು, ಸಾಲಿಗ್ರಾಮ ಮೊದಲಾದ ಮೇಳಗಳಲ್ಲಿ ರಾಕ್ಷಸನ ಪಾತ್ರಕ್ಕೆ ಬಣ್ಣದ ವೇಷವೆಂದು ಹೆಸರು. ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು, ಚೌಕಿಯ ಗಣಪತಿಗೆ ಕೈಮುಗಿದು, ಆರ್ಭಟಿಸುತ್ತ ರಂಗಕ್ಕೆ ಬರುವ ಆ ಕಲಾವಿದನು ಮನುಷ್ಯನೊಳಗಿನ ಕ್ರೌರ್ಯವನ್ನೆಲ್ಲ ನಸುಕಿನವರೆಗೆ ಕುಣಿದು ತೋರಿಸುತ್ತಾನೆ. ಬೆಳಗಾಗುವಾಗ ಎಣ್ಣೆ ಹಚ್ಚಿ ಬಣ್ಣವನ್ನು ಒರೆಸಿ ಮನೆಗೆ ಹೋಗುತ್ತಾನೆ. ಅಪಾಯವಿರುವುದು ರಾಕ್ಷಸನಾದವನಿಗಲ್ಲ. ಬಣ್ಣವನ್ನು ಒರೆಸಲು ಮರೆತವನಿಗೆ. ಅದರಲ್ಲಿಯೂ ರಾಜವೇಷದ ಬಣ್ಣವನ್ನು ಒರೆಸದೆ ಮನೆಗೆ ಹೋಗಿ, ಅಲ್ಲಿಯೂ ಚಪ್ಪಾಳೆಯನ್ನು ನಿರೀಕ್ಷಿಸುವವನಿಗೆ.

ಇನ್ನು ಕಾರ್ಕಳದ ಮಾತು ಸ್ವಲ್ಪ ಉಳಿದಿದೆ. ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸುವ ಸುದ್ದಿಯನ್ನು ಕೇಳಿ ಕಾರ್ಕಳದ ಅರಸನು ಸಹಿಸದೆ ದಂಡೆತ್ತಿ ಹೋದನೆಂದೂ, ಅಜಿಲನು ಪ್ರತಿಮೆಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತು ಕಾಪಾಡಿದನೆಂದೂ ಐತಿಹ್ಯವಿದೆ. ಕಲ್ಕುಡನ ಕೈಯ ಕಥೆಯೂ ಈ ಐತಿಹ್ಯವೂ ಒಂದೇ ಬುಗ್ಗೆಯಿಂದ ಹೊರಟಂತೆ ತೋರುತ್ತದೆ: ನಮ್ಮ ಊರಿನಲ್ಲಿರುವಂತಹುದು ನೆರೆಯ ಊರಿನಲ್ಲಿ ಇರಕೂಡದು. ಇದಾದ ಮೂರೂವರೆ ಶತಮಾನಗಳ 뒤ಗೆ ಬಂದ ಕಾಲದಲ್ಲಿ, 1967ರಿಂದ ಮೊದಲ್ಗೊಂಡು, ಅದೇ ಕಾರ್ಕಳದ ಬಂಡೆಯ ಮುಂದೆ ರೆಂಜಾಳ ಗೋಪಾಲ ಶೆಣೈಯವರೆಂಬ ಶಿಲ್ಪಿಯು ನಿಂತರು. ಆಗಲೇ ಅವರು ಎಪ್ಪತ್ತನ್ನು ದಾಟಿದ ವೃದ್ಧರು. ಜೊತೆಯ ಶಿಲ್ಪಿಗಳೊಡನೆ ಅವರು 39 ಅಡಿಯ ಗೊಮ್ಮಟನನ್ನು ಕಡೆದರು. ಅದು ಕಾರ್ಕಳಕ್ಕಾಗಿ ಕಡೆದುದಲ್ಲ, ಧರ್ಮಸ್ಥಳಕ್ಕಾಗಿ. 1973ರಲ್ಲಿ ಆ ಮೂರ್ತಿಯನ್ನು ಅನೇಕ ಗಾಲಿಗಳ ಬಂಡಿಯ ಮೇಲೆ ಮಲಗಿಸಿ ಕಾರ್ಕಳದಿಂದ ಹೊರಡಿಸಿದರು. ದಾರಿಯುದ್ದಕ್ಕೂ ಜನರು ಕಿಕ್ಕಿರಿದು ನಿಂತು ನೋಡಿದರು. ಒಂದು ಕಾಲಕ್ಕೆ ಪರಸೀಮೆಗೆ ಹೋಗದಂತೆ ಶಿಲ್ಪಿಯ ಕೈ ಕಡಿಸಿತೆಂದು ಹಾಡಿಸಿಕೊಂಡ ಊರು, ತನ್ನ ಕೈಯ ಕೆಲಸವನ್ನು ತಾನೇ ಪರಸೀಮೆಗೆ ಸಾಗಹಾಕಿತು.